ಹಳೇ ಮಾರುತಿ 800 ಮಿಸ್ಸಿಂಗ್ ಹೊಡೆಯುತ್ತಿದೆಯೇ? ಪಾರ್ಟ್ಸ್ ಕೊಳ್ಳುವ ಮುಂಚೆ ಹೀಗೆ ಹುಡುಕಿ

ಮಾರುತಿ 800 ಇಂಜಿನ್‌ಗೆ ಇರುವುದೇ ಮೂರು ಸಿಲಿಂಡರ್. ಅದರಲ್ಲಿ ಒಂದು ಪೆಟ್ರೋಲ್ ಉರಿಸದೆ ರಜಾ ಹಾಕಿದರೆ (ಇದೇ ಮಿಸ್ಸಿಂಗ್ ಅಥವಾ ಮಿಸ್‌ಫೈರ್) ಗಾಡಿಯ ಬಲದಲ್ಲಿ ಮೂರರಲ್ಲಿ ಒಂದು ಪಾಲು ಹೋದಂತೆ. ಸ್ಟೇರಿಂಗ್ ನಡುಗುತ್ತದೆ, ಗೇರ್ ಲಿವರ್ ಕುಣಿಯುತ್ತದೆ, ಫ್ಲೈಓವರ್ ಹತ್ತುವಾಗ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಗ್ಯಾರೇಜಿಗೆ ಹೋದರೆ ಮೊದಲು ಪ್ಲಗ್ ಬದಲಿಸುತ್ತಾರೆ. ಸರಿಹೋಗದಿದ್ದರೆ ಪ್ಲಗ್ ವೈರ್, ಆಮೇಲೆ ಸ್ಪಾರ್ಕಿಗೆ ಬೇಕಾದ ವೋಲ್ಟೇಜ್ ಏರಿಸುವ ಕಾಯಿಲ್, ಆಮೇಲೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಓವರ್‌ಹಾಲ್. ಇಷ್ಟೆಲ್ಲ ಆದಮೇಲೆ ಟಪ್ಪೆಟ್ (ವಾಲ್ವ್ ಮೇಲಿನ ಸಣ್ಣ ಸಂದಿ) ಟೈಟ್ ಇತ್ತು ಅಂತ ಗೊತ್ತಾದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಈ ಬರಹ ಕಾರ್ಬ್ಯುರೇಟರ್ ಇರುವ ಹಳೇ ಮಾರುತಿ 800 ಬಗ್ಗೆ. 796 ಸಿಸಿಯ, ಎಫ್8ಬಿ ಅನ್ನುವ ಇಂಜಿನ್ ಇದರದ್ದು. 1983ರ ಕೊನೆಯಲ್ಲಿ ಬಂದ ಗಾಡಿಗೆ 2000ದ ಆಸುಪಾಸಿನಲ್ಲಿ ಕಾರ್ಬ್ಯುರೇಟರ್ ಬದಲು ಪೆಟ್ರೋಲನ್ನು ಕಂಪ್ಯೂಟರ್ ಲೆಕ್ಕದಲ್ಲಿ ಚಿಮುಕಿಸುವ ಎಂಪಿಎಫ್‌ಐ ಬಂತು. ಅದಕ್ಕಿಂತ ಹಿಂದಿನವು ಇನ್ನೂ ಎಷ್ಟೋ ಮನೆಗಳ ಮುಂದೆ ಕವರ್ ಹೊದ್ದು ನಿಂತಿವೆ. ಓಮ್ನಿ ವ್ಯಾನಿನಲ್ಲೂ ಇದೇ ಇಂಜಿನ್ ಇರುವುದರಿಂದ ಬಹುಪಾಲು ಅದಕ್ಕೂ ಹೊಂದುತ್ತದೆ. ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗೂ ದಾರಿ ಇದೇ. ಸಿಲಿಂಡರ್ ಲೆಕ್ಕ ಮತ್ತು ಅಳತೆ ಮಾತ್ರ ಬೇರೆ.

ಮೊದಲೇ ಒಂದು ಮಾತು. ಮಿಸ್‌ಫೈರ್ ಹುಡುಕುವಾಗ ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಪಾರ್ಟ್ ಹೋಗಿದೆ?" ಅಲ್ಲ. "ಯಾವ ಸಿಲಿಂಡರ್? ಯಾವಾಗ?" ಈ ಎರಡಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕೆ ಪೈಸೆಯೂ ಖರ್ಚಾಗುವುದಿಲ್ಲ.

ಕೈಗೆ ಬೇಕಾದವು

ಪ್ಲಗ್ ಪಾನಾ, ಫೀಲರ್ ಗೇಜ್ (ಸಣ್ಣ ಸಂದಿ ಅಳೆಯುವ ತಗಡುಗಳು), ಮಲ್ಟಿಮೀಟರ್, ಒಂದು ಹಳೇ ಒಳ್ಳೆಯ ಸ್ಪಾರ್ಕ್ ಪ್ಲಗ್, ರಬ್ಬರ್ ಹಿಡಿಯ ಇಕ್ಕಳ, ಟಾರ್ಚ್. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇದ್ದರೆ ತುಂಬಾ ಒಳ್ಳೆಯದು. ಕೊಳ್ಳಲು ಮನಸ್ಸಿಲ್ಲದಿದ್ದರೆ ಪರಿಚಯದ ಗ್ಯಾರೇಜಿನಲ್ಲಿ ಅರ್ಧ ದಿನಕ್ಕೆ ಕೇಳಿ ತನ್ನಿ. ಪೆಟ್ಟಿಗೆ ತುಂಬಾ ಸಲಕರಣೆ ಬೇಕಿಲ್ಲ.

ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ಗಾಡಿ ನ್ಯೂಟ್ರಲ್‌ನಲ್ಲಿರಲಿ. ಪಂಚೆ, ದುಪಟ್ಟಾ, ಸಡಿಲ ತೋಳು ಬೇಡ. ರೇಡಿಯೇಟರ್ ಫ್ಯಾನ್ ಕರೆಂಟಿನದ್ದು, ಬಿಸಿಯಾದಾಗ ಹೇಳದೆ ಕೇಳದೆ ತಿರುಗಲು ಶುರುಮಾಡುತ್ತದೆ.

ಯಾವಾಗ ಮಿಸ್ಸಿಂಗ್?

ಬಾನೆಟ್ ಎತ್ತುವ ಮುಂಚೆ ಎರಡು ದಿನ ಗಾಡಿ ಓಡಿಸಿ ಗಮನಿಸಿ. ಒಂದು ಚೀಟಿಯಲ್ಲಿ ಬರೆದಿಡಿ. ಮೆಕ್ಯಾನಿಕ್ ಹತ್ತಿರ ಹೋಗಬೇಕಾಗಿ ಬಂದರೂ "ಏನೋ ಸರಿ ಇಲ್ಲ ಕಣಪ್ಪ" ಅನ್ನುವುದಕ್ಕಿಂತ ಈ ಚೀಟಿ ನೂರು ಪಾಲು ಮೇಲು.

ನಿಂತಲ್ಲಿ ಐಡಲ್‌ನಲ್ಲಿ ಒದ್ದಾಡಿ, ಆಕ್ಸಿಲರೇಟರ್ ಒತ್ತಿದ ತಕ್ಷಣ ನಯವಾದರೆ, ಎಲ್ಲೋ ಗಾಳಿ ಒಳಗೆ ಸೇರುತ್ತಿದೆ ಅಥವಾ ಕಾರ್ಬ್ಯುರೇಟರಿನ ಐಡಲ್ ಜೆಟ್ ಕಟ್ಟಿಕೊಂಡಿದೆ. ಟಪ್ಪೆಟ್ ಟೈಟಾದಾಗಲೂ ಶುರುವಿನಲ್ಲಿ ಹೀಗೇ ಇರುತ್ತದೆ.

ಐಡಲ್ ಚೆನ್ನಾಗಿದ್ದು, ಏರು ಹತ್ತುವಾಗ ಅಥವಾ ಓವರ್‌ಟೇಕ್ ಮಾಡುವಾಗ ಮಾತ್ರ ಮುಗ್ಗರಿಸಿದರೆ ಎರಡು ಅನುಮಾನ: ಸ್ಪಾರ್ಕ್ ದುರ್ಬಲ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರಿನೊಳಗೆ ಒತ್ತಡ ಜಾಸ್ತಿಯಾಗುತ್ತದೆ. ಆ ಒತ್ತಡದಲ್ಲಿ ಪ್ಲಗ್‌ನ ತುದಿಯ ಸಂದಿ (ಗ್ಯಾಪ್) ದಾಟಲು ಕರೆಂಟಿಗೆ ಜಾಸ್ತಿ ವೋಲ್ಟೇಜ್ ಬೇಕು. ಐಡಲ್‌ನಲ್ಲಿ ಹೇಗೋ ತಳ್ಳಿಕೊಂಡು ಹೋಗುವ ಕಾಯಿಲ್, ಚಾರ್ಮಾಡಿ ಘಾಟಿಯಲ್ಲಿ ಕೈಚೆಲ್ಲುವುದು ಅದಕ್ಕೇ.

ಈ ಎರಡರಲ್ಲಿ ಯಾವುದು ಅಂತ ತಿಳಿಯಲು ಒಂದು ಚೆಂದದ ಉಪಾಯ ಇದೆ. ಖಾಲಿ ರಸ್ತೆಯಲ್ಲಿ ಮಿಸ್ಸಿಂಗ್ ಹೊಡೆಯುತ್ತಿರುವಾಗಲೇ ಚೋಕ್ ನಾಬನ್ನು ಅರ್ಧ ಎಳೆಯಿರಿ (ಅದು ಗಾಳಿ ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸುತ್ತದೆ). ಗಾಡಿ ಚೇತರಿಸಿಕೊಂಡರೆ ಪೆಟ್ರೋಲ್ ಕಡಿಮೆ ಬೀಳುತ್ತಿದೆ. ಏನೂ ಬದಲಾಗದಿದ್ದರೆ ಅಥವಾ ಇನ್ನೂ ಹದಗೆಟ್ಟರೆ ಇಗ್ನಿಷನ್ ಕಡೆ ನೋಡಿ. ಇಂಜೆಕ್ಷನ್ ಗಾಡಿಯವರಿಗೆ ಇಲ್ಲದ ಸೌಲಭ್ಯ ಇದು. ಜರ್ಕ್ ಬರುವ ರೀತಿಯೂ ಸುಳಿವು ಕೊಡುತ್ತದೆ. ಸ್ವಿಚ್ ಆಫ್-ಆನ್ ಮಾಡಿದಂತೆ ಪಟ್ ಪಟ್ ಅಂತ ಬಂದರೆ ಸಾಮಾನ್ಯವಾಗಿ ಕರೆಂಟಿನದ್ದು. ನಿಧಾನವಾಗಿ ಬಲ ಇಳಿದು, ಮತ್ತೆ ಏರಿ, ಮತ್ತೆ ಇಳಿದರೆ ಪೆಟ್ರೋಲಿನದ್ದು.

ಮಳೆ ಬಂದ ಬೆಳಿಗ್ಗೆ ಮಾತ್ರ ಬಂದು, ಇಂಜಿನ್ ಬಿಸಿಯಾದ ಮೇಲೆ ಮಾಯವಾದರೆ ಡಿಸ್ಟ್ರಿಬ್ಯೂಟರ್ (ಕರೆಂಟನ್ನು ಮೂರು ಪ್ಲಗ್ಗಿಗೆ ಸರದಿಯಂತೆ ಹಂಚುವ ಭಾಗ) ಕ್ಯಾಪ್ ಅಥವಾ ಪ್ಲಗ್ ವೈರ್. ಮಲೆನಾಡಿನವರಿಗೆ ಜೂನ್-ಜುಲೈಯಲ್ಲಿ ಇದು ಮಾಮೂಲು. ಇದರ ತಿರುಗಾಮುರುಗಾ ಇನ್ನೊಂದಿದೆ: ಬೆಳಿಗ್ಗೆ ಚೆನ್ನಾಗಿದ್ದು, ಅರ್ಧ-ಮುಕ್ಕಾಲು ಗಂಟೆ ಓಡಿದ ಮೇಲೆ ಶುರುವಾಗಿ, ತಣ್ಣಗಾದರೆ ಸರಿಹೋಗುವುದು. ಕಾಯಿಲ್ ಅಥವಾ ಕಂಡೆನ್ಸರ್ (ಡಿಸ್ಟ್ರಿಬ್ಯೂಟರಿನ ಸ್ವಿಚ್ಚಿನಲ್ಲಿ ಕಿಡಿ ಹಾರದಂತೆ ತಡೆಯುವ ಸಣ್ಣ ಡಬ್ಬಿ) ಬಿಸಿಗೆ ಸೋಲುತ್ತಿರಬಹುದು. ಬೇಸಿಗೆಯ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಹೀಗಾಗುವುದೂ ಉಂಟು.

ಪೆಟ್ರೋಲ್ ಹಾಕಿಸಿದ ಮರುಕ್ಷಣದಿಂದ ಶುರುವಾದರೆ? ಬೇರೆ ಏನನ್ನೂ ಮುಟ್ಟಬೇಡಿ, ಮೊದಲು ಪೆಟ್ರೋಲ್ ನೋಡಿ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಸೈಲೆನ್ಸರ್ ಬಾಯಲ್ಲಿ ಒಂದು ಕಾಗದ

ಇಂಜಿನ್ ಐಡಲ್‌ನಲ್ಲಿರುವಾಗ ಸೈಲೆನ್ಸರ್ ತುದಿಯಿಂದ ಎರಡು ಬೆರಳು ದೂರದಲ್ಲಿ ಒಂದು ಕಾಗದದ ಚೂರು ಹಿಡಿಯಿರಿ. ಆರೋಗ್ಯವಾದ ಇಂಜಿನ್ ಅದನ್ನು ಒಂದೇ ಸಮನೆ ಹೊರಗೆ ತಳ್ಳುತ್ತದೆ. ನಡುನಡುವೆ ಪುಸ್ ಅಂತ ಬಿಟ್ಟುಬಿಟ್ಟು ಬಂದರೆ ಮಿಸ್‌ಫೈರ್ ಖಾತ್ರಿ. ಈ ಪುಸ್ ಲಯಬದ್ಧವಾಗಿದ್ದರೆ ಒಂದೇ ಸಿಲಿಂಡರ್ ಪೂರ್ತಿ ಸತ್ತಿದೆ. ಲಯ ಇಲ್ಲದೆ ಎಲ್ಲೆಲ್ಲೋ ಬಂದರೆ ಮೂರಕ್ಕೂ ಸೇರಿದ ತೊಂದರೆ. ಕಾಗದ ಆಗಾಗ ಒಳಕ್ಕೆ ಎಳೆದುಕೊಂಡರೆ ಎಕ್ಸಾಸ್ಟ್ ವಾಲ್ವ್ ಸುಟ್ಟಿರುವ ಸಾಧ್ಯತೆ ಇದೆ. ಸೈಲೆನ್ಸರ್ ತೂತಾಗಿದ್ದರೆ ಈ ಪರೀಕ್ಷೆ ನಂಬಬೇಡಿ.

ಯಾವ ಸಿಲಿಂಡರ್?

ಟೈಮಿಂಗ್ ಬೆಲ್ಟ್ ಕಡೆ ಇರುವುದು 1ನೇ ಸಿಲಿಂಡರ್. ಗೇರ್‌ಬಾಕ್ಸ್ ಕಡೆಯದು 3. ಸ್ಪಾರ್ಕ್ ಹೋಗುವ ಕ್ರಮ 1-3-2. ವೈರ್ ಕೀಳುವ ಮುಂಚೆ ಮೂರಕ್ಕೂ ಟೇಪ್ ಸುತ್ತಿ ನಂಬರ್ ಬರೆಯಿರಿ, ಡಿಸ್ಟ್ರಿಬ್ಯೂಟರ್ ತುದಿಯಲ್ಲೂ ಬರೆಯಿರಿ. ಯಾರೋ ಹಿಂದೆ ವೈರ್ ಅದಲುಬದಲು ಮಾಡಿರಬಹುದು, ಅದನ್ನೂ ಈಗಲೇ ನೋಡಿಬಿಡಿ.

ಇಂಜಿನ್ ಬಿಸಿಯಾಗಲಿ. ಆಫ್ ಮಾಡಿ. 1ನೇ ಸಿಲಿಂಡರಿನ ವೈರ್ ಕಿತ್ತು, ಆ ಹಳೇ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಭಾಗ ಇಂಜಿನ್ನಿನ ಬರಿ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಕಟ್ಟಿ. ಸ್ಟಾರ್ಟ್ ಮಾಡಿ ಕೇಳಿ. ಐಡಲ್ ಇನ್ನೂ ಕುಸಿದು ನಡುಗಿದರೆ ಆ ಸಿಲಿಂಡರ್ ಇಲ್ಲಿಯವರೆಗೆ ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಅದೇ ಸೋಮಾರಿ. ಆಫ್ ಮಾಡಿ, ವೈರ್ ಹಾಕಿ, ಮುಂದಿನದಕ್ಕೆ ಹೋಗಿ.

ಎಷ್ಟೋ ಮೆಕ್ಯಾನಿಕ್‌ಗಳು ಇಂಜಿನ್ ಓಡುತ್ತಿರುವಾಗಲೇ ಇಕ್ಕಳದಲ್ಲಿ ವೈರ್ ಕಿತ್ತು ನೋಡುತ್ತಾರೆ. ಬೇಗ ಆಗುತ್ತದೆ, ನಿಜ. ಆದರೆ ಕರೆಂಟಿಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಕಾಯಿಲ್ ಒಳಗೇ ದಾರಿ ಮಾಡಿಕೊಳ್ಳುತ್ತದೆ, ಇಲ್ಲವೇ ನಿಮ್ಮ ಕೈಯಲ್ಲಿ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಗಾಡಿಯಲ್ಲಿ ಮಾಡ್ಯೂಲ್ ಕೂಡ ಸುಟ್ಟೀತು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಂತೂ ಈ ಕೆಲಸದ ಹತ್ತಿರ ಬರಲೇಬಾರದು. ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಾದರೆ ಪ್ರತಿ ಸಲ ಕೆಲವೇ ಸೆಕೆಂಡ್ ಓಡಿಸಿ. ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಉರಿದು ಹಾಳುಮಾಡುತ್ತದೆ.

ಒಂದೇ ಸಿಲಿಂಡರ್ ಸಿಕ್ಕಿಬಿದ್ದರೆ ಅದರದೇ ವಸ್ತುಗಳನ್ನು ನೋಡಿ: ಪ್ಲಗ್, ವೈರ್, ಕ್ಯಾಪಿನ ಆ ತೂತು, ಆ ಸಿಲಿಂಡರಿನ ವಾಲ್ವ್, ರಿಂಗ್. ಮೂರೂ ಒಂದೇ ತರ ದುರ್ಬಲ ಇದ್ದರೆ ಮೂರಕ್ಕೂ ಸಾಮಾನ್ಯವಾದವು: ಕಾಯಿಲ್, ಪಾಯಿಂಟ್ (ಕಾಯಿಲ್ಲಿನ ಕರೆಂಟ್ ಕಡಿದು ಸ್ಪಾರ್ಕ್ ಹುಟ್ಟಿಸುವ ಸ್ವಿಚ್ಚು), ಕಂಡೆನ್ಸರ್, ರೋಟರ್ (ಕ್ಯಾಪಿನೊಳಗೆ ತಿರುಗಿ ಕರೆಂಟ್ ಹಂಚುವ ತುಂಡು), ಕಾಯಿಲ್ಲಿನಿಂದ ಕ್ಯಾಪಿಗೆ ಬರುವ ನಡುವಿನ ವೈರ್, ಕಾರ್ಬ್ಯುರೇಟರ್, ಟೈಮಿಂಗ್ (ಸ್ಪಾರ್ಕ್ ಬರುವ ಸಮಯ). ಹೊಸ ಕಾಯಿಲ್ ಹಾಕಿ 2ನೇ ಸಿಲಿಂಡರ್ ಒಂದನ್ನೇ ಸರಿಮಾಡಲು ಆಗುವುದಿಲ್ಲ. ಆದರೂ ಹಾಗೆ ಮಾಡಿ ದುಡ್ಡು ಕಳೆದುಕೊಳ್ಳುವವರು ಇದ್ದಾರೆ.

ಪ್ಲಗ್ ಬಿಚ್ಚಿ ಓದಿ

ಇಂಜಿನ್ ಸ್ವಲ್ಪ ತಣ್ಣಗಾಗಲಿ. ಇಂಜಿನ್ನಿನ ಹೆಡ್ ಅಲ್ಯೂಮಿನಿಯಂ. ಬಿಸಿಯಲ್ಲಿ ಜೋರು ಮಾಡಿದರೆ ಅದರ ಮರೆ (ಥ್ರೆಡ್) ಕಿತ್ತು ಬರುತ್ತದೆ. ಪ್ಲಗ್ ಸುತ್ತಲಿನ ಧೂಳನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರಿಗೇ ಬೀಳುತ್ತದೆ. ಮೂರನ್ನೂ ಬಿಚ್ಚಿ ನಂಬರ್ ಪ್ರಕಾರ ಸಾಲಾಗಿ ಇಡಿ.

ಸಾಲಾಗಿ ಇಡುವುದೇ ಮುಖ್ಯ, ಏಕೆಂದರೆ ಬಣ್ಣ ನೋಡುವುದಕ್ಕಿಂತ ವ್ಯತ್ಯಾಸ ನೋಡುವುದು ಸುಲಭ. ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಸರಿ. ಹಳೇ ಮ್ಯಾನುಯಲ್‌ಗಳ ಚಿತ್ರದಲ್ಲಿರುವಷ್ಟು ಗಾಢ ಕಂದು ಈಗ ಬರುವುದಿಲ್ಲ. ಅವು ಸೀಸ ಬೆರೆಸಿದ ಪೆಟ್ರೋಲಿನ ಕಾಲದವು. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಅಥವಾ ಏರ್ ಫಿಲ್ಟರ್ ಕಟ್ಟಿದೆ, ಅಥವಾ ಚೋಕ್ ಪೂರ್ತಿ ತೆರೆಯುತ್ತಿಲ್ಲ. ಪೆಟ್ರೋಲಿನಲ್ಲಿ ನೆನೆದು ಬಂದರೆ ಸ್ಪಾರ್ಕ್ ಬಂದಿಲ್ಲ, ಅಥವಾ ಕಂಪ್ರೆಷನ್ ಇಲ್ಲ. ಜಿಡ್ಡು ಆಯಿಲ್ ಮೆತ್ತಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್. ಸುಣ್ಣದ ಹಾಗೆ ಬಿಳಿಯಾಗಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಬಿಳಿ ಪಿಂಗಾಣಿಯ ಮೇಲೆ ಉದ್ದಕ್ಕೆ ಪೆನ್ಸಿಲ್ ಗೆರೆಯಂಥ ಕಪ್ಪು ಗೆರೆ ಇದ್ದರೆ ಕರೆಂಟ್ ಹೊರಗಿಂದಲೇ ಜಾರಿ ಹೋಗುತ್ತಿದೆ. ಅಂಥ ಪ್ಲಗ್ಗನ್ನು ಒರೆಸಿ ಮತ್ತೆ ಹಾಕಬೇಡಿ, ಎಸೆಯಿರಿ. ವೈರಿನ ರಬ್ಬರ್ ಟೊಪ್ಪಿಯೊಳಗೂ ಅದರ ಜೋಡಿ ಗೆರೆ ಇರುತ್ತದೆ, ಅದನ್ನೂ ಬದಲಿಸಿ.

ಗ್ಯಾಪ್ 0.7ರಿಂದ 0.8 ಮಿ.ಮೀ. ಇರಲಿ. ಹೊಸ ಪ್ಲಗ್ಗನ್ನೂ ಅಳೆದೇ ಹಾಕಿ. ಅಂದಹಾಗೆ, ನಮ್ಮ ಕಡೆ ಹಳಬರು ಈಗಲೂ ಪ್ಲಗ್ ಅಂದರೆ ಮೈಕೋ ಅಂತಲೇ ಕೇಳುತ್ತಾರೆ. 1951ರಲ್ಲಿ ಬೆಂಗಳೂರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿದ ಆ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಿಸಿಕೊಂಡಿತು. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಯಾವ ಹೆಸರಲ್ಲಿ ಕೇಳಿದರೂ ಅರ್ಥವಾಗುತ್ತದೆ. ನಕಲಿ ಮಾಲಿನ ಬಗ್ಗೆ ಮಾತ್ರ ಎಚ್ಚರ. ಬಿಲ್ ಕೇಳಿ.

ಅನುಮಾನದ ಸಿಲಿಂಡರ್ ಗೊತ್ತಾಗಿದ್ದರೆ, ಅದರ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ, ಅದರದ್ದನ್ನು ಇದಕ್ಕೆ ಹಾಕಿ. ಮತ್ತೆ ವೈರ್ ಕೀಳುವ ಪರೀಕ್ಷೆ ಮಾಡಿ. ತೊಂದರೆ ಪ್ಲಗ್ಗಿನ ಹಿಂದೆಯೇ ಹೋದರೆ ಪ್ಲಗ್ ಅಪರಾಧಿ. ಅಲ್ಲೇ ಉಳಿದರೆ ಪ್ಲಗ್ ನಿರಪರಾಧಿ, ಅದಕ್ಕೆ ಹೊಸದು ಬೇಡ.

ಪ್ಲಗ್ ಬಿಚ್ಚಿದ್ದೀರಲ್ಲ, ಕಂಪ್ರೆಷನ್ ಈಗಲೇ ನೋಡಿ

ಬಹಳ ಜನ ಕಂಪ್ರೆಷನ್ ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನನ್ನ ಪ್ರಕಾರ ಹಳೇ ಗಾಡಿಯಲ್ಲಿ ಅದು ತಪ್ಪು ಕ್ರಮ. ಕಂಪ್ರೆಷನ್ ಇಲ್ಲದ ಸಿಲಿಂಡರಿಗೆ ಎಂಥ ಪ್ಲಗ್, ಎಂಥ ಕಾಯಿಲ್ ಹಾಕಿದರೂ ಅದು ಉರಿಯುವುದಿಲ್ಲ. ಹೇಗೂ ಮೂರೂ ಪ್ಲಗ್ ಹೊರಗಿವೆ. ಹತ್ತು ನಿಮಿಷದ ಕೆಲಸ.

ಬ್ಯಾಟರಿ ಚೆನ್ನಾಗಿರಬೇಕು. ಕಾಯಿಲ್‌ಗೆ ಬರುವ ಸಣ್ಣ ವೈರ್ ಕಿತ್ತಿಡಿ, ಸ್ಪಾರ್ಕ್ ಬರಬಾರದು. ಒಬ್ಬರು ಒಳಗೆ ಕೂತು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಲಿ. ಇದನ್ನು ಮರೆತರೆ ಗಾಳಿ ಒಳಗೆ ಬಾರದೆ ಮೂರೂ ಕಡಿಮೆ ತೋರಿಸುತ್ತವೆ. ಪ್ರತಿ ಸಿಲಿಂಡರಿಗೆ ಐದಾರು ಸುತ್ತು ಸಾಕು. ಸಂಖ್ಯೆ ಬರೆದುಕೊಳ್ಳಿ.

ಒಂದು ನಿರ್ದಿಷ್ಟ ಸಂಖ್ಯೆಗೆ ಅಂಟಿಕೊಳ್ಳಬೇಡಿ. ಗೇಜಿನಿಂದ ಗೇಜಿಗೆ ವ್ಯತ್ಯಾಸ ಇರುತ್ತದೆ, ಊರಿಂದ ಊರಿಗೂ ಇರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹೆಚ್ಚುಕಡಿಮೆ ನೂರಕ್ಕೆ ಹತ್ತು ಕಡಿಮೆ. ಅದೇ ಇಂಜಿನ್, ಅದೇ ಗೇಜ್, ಮಂಗಳೂರಲ್ಲಿ 170 ಪಿಎಸ್‌ಐ ತೋರಿಸಿದ್ದು ಬೆಂಗಳೂರಲ್ಲಿ 153ರ ಆಸುಪಾಸು ತೋರಿಸುತ್ತದೆ. ಮ್ಯಾನುಯಲ್ ಹಿಡಿದುಕೊಂಡು ಗಾಬರಿಯಾಗುವುದು ಬೇಡ. ಮೂರರ ನಡುವಿನ ಅಂತರ ನೋಡಿ. 155, 150, 152 ಬಂದರೆ ಸಂತೋಷ. 155, 150, 105 ಬಂದರೆ ಮೂರನೆಯದಕ್ಕೆ ಕಾಯಿಲೆ.

ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಸಂಖ್ಯೆ ಚೆನ್ನಾಗಿ ಏರಿದರೆ ರಿಂಗ್ ಸವೆದಿವೆ, ಆಯಿಲ್ ಆ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚಿತು. ಏರದಿದ್ದರೆ ಗಾಳಿ ವಾಲ್ವ್ ಕಡೆಯಿಂದ ಸೋರುತ್ತಿದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಎರಡೂ ಕಡಿಮೆ ಇದ್ದು, ಆಯಿಲ್ ಹಾಕಿದರೂ ಹಾಗೇ ಇದ್ದರೆ, ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ರೇಡಿಯೇಟರ್ ನೀರು ಸುಮ್ನೆ ಕಡಿಮೆಯಾಗುತ್ತಿದ್ದರೆ ಅನುಮಾನ ಇನ್ನೂ ಗಟ್ಟಿ. ಬಿಸಿ ಇರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ವಾಲ್ವ್ ಕಡೆ ಸೋರಿಕೆ ಅಂತ ಬಂದರೆ ಹೆಡ್ ಬಿಚ್ಚಲು ಓಡಬೇಡಿ. ಮೊದಲು ಟಪ್ಪೆಟ್ ನೋಡಿ. ಸದ್ದು ಮಾಡುವ ಟಪ್ಪೆಟ್ ಬಗ್ಗೆ ಜನ ದೂರು ಹೇಳುತ್ತಾರೆ, ಸದ್ದೇ ಇಲ್ಲದ ಟಪ್ಪೆಟ್ ಬಗ್ಗೆ ಯಾರೂ ಹೇಳುವುದಿಲ್ಲ. ನಿಜವಾದ ಅಪಾಯ ಎರಡನೆಯದರಲ್ಲಿ. ವಾಲ್ವ್ ಸೀಟ್ ಸವೆದಂತೆ ವಾಲ್ವ್ ಮೇಲಕ್ಕೆ ಬರುತ್ತದೆ, ಸಂದಿ ಕಡಿಮೆಯಾಗುತ್ತಾ ಹೋಗಿ ಕೊನೆಗೆ ಇಲ್ಲದಂತಾಗುತ್ತದೆ. ಆಗ ಬಿಸಿಯಲ್ಲಿ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಸೀಟಿಗೆ ತಾಗಿಯೇ ಕಳೆದುಕೊಳ್ಳಬೇಕು. ತಾಗದಿದ್ದರೆ ಅಂಚು ಸುಡುತ್ತದೆ. ಎಲ್‌ಪಿಜಿ ಅಥವಾ ಸಿಎನ್‌ಜಿ ಕಿಟ್ ಹಾಕಿಸಿದ ಗಾಡಿಗಳಲ್ಲಿ ಈ ಸವೆತ ಬೇಗ. ಸಮಯಕ್ಕೆ ಸರಿಯಾಗಿ ಸಂದಿ ಹೊಂದಿಸಿದರೆ ಒಂದು ಗ್ಯಾಸ್ಕೆಟ್ ಖರ್ಚಿನಲ್ಲಿ ಮುಗಿಯುತ್ತದೆ, ತಡವಾದರೆ ಹೆಡ್ ಕೆಲಸ. 800ರಲ್ಲಿ ಸ್ಕ್ರೂ ಮತ್ತು ಲಾಕ್‌ನಟ್ ಇರುವುದರಿಂದ ಹೊಂದಿಸುವುದು ಕಷ್ಟವಲ್ಲ. ಇಂಜಿನ್ ತಣ್ಣಗಿದ್ದಾಗಿನ ಅಳತೆ ಬೇರೆ, ಬಿಸಿ ಇದ್ದಾಗಿನದು ಬೇರೆ. ನಿಮ್ಮ ಮಾಡೆಲ್ಲಿನ ಮ್ಯಾನುಯಲ್ಲಿನಲ್ಲಿ ಇರುವಂತೆ ಮಾಡಿ.

ಕರೆಂಟಿನ ದಾರಿ ಹಿಡಿದು

ಕಂಪ್ರೆಷನ್ ಸರಿ ಇದೆ ಅಂದರೆ ಈಗ ನೆಮ್ಮದಿಯಾಗಿ ಇಗ್ನಿಷನ್ ನೋಡಬಹುದು.

ಕತ್ತಲಾದ ಮೇಲೆ ಇಂಜಿನ್ ಓಡಿಸಿ ಬಾನೆಟ್ ಎತ್ತಿ ನಿಂತುಕೊಳ್ಳಿ. ಬಟ್ಟೆಗೆ ಇಸ್ತ್ರಿ ಮಾಡುವಾಗ ಬಳಸುವ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರ್ ಮತ್ತು ಕ್ಯಾಪ್ ಮೇಲೆ ಹನಿಹನಿಯಾಗಿ ನೀರು ಸಿಂಪಡಿಸಿ. ವೈರ್ ಬಿರುಕು ಬಿಟ್ಟಿದ್ದರೆ ಅಲ್ಲಿಂದ ನೀಲಿ ಕಿಡಿ ಲೋಹಕ್ಕೆ ಹಾರುವುದು ಕಾಣುತ್ತದೆ, ಚಟಚಟ ಸದ್ದು ಕೇಳುತ್ತದೆ. ಕೈ ದೂರ ಇರಲಿ.

ಹಗಲಲ್ಲಿ ವೈರುಗಳನ್ನು ಮೀಟರಿನಿಂದ ಅಳೆಯಿರಿ. ಒಳಗೆ ಕಾರ್ಬನ್ ಎಳೆ ಇರುವ ವೈರಾದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 10ರಿಂದ 20 ಕಿಲೋ ಓಮ್ ಬರುತ್ತದೆ. ಚಿಕ್ಕ ವೈರ್ ಕಡಿಮೆ, ಉದ್ದದ್ದು ಜಾಸ್ತಿ ತೋರಿಸುವುದು ಸಹಜ. ಒಂದು ಮಾತ್ರ ಉಳಿದವಕ್ಕಿಂತ ಹಲವು ಪಟ್ಟು ಜಾಸ್ತಿ ಇದ್ದರೆ, ಅಥವಾ ಅಲ್ಲಾಡಿಸಿದಾಗ ಸಂಖ್ಯೆ ಕುಣಿದರೆ, ಅದು ಒಳಗೆ ತುಂಡಾಗಿದೆ.

ಕ್ಯಾಪ್ ಬಿಚ್ಚಿ. ಟಾರ್ಚ್ ಬಿಟ್ಟು ಒಳಗೆ ನೋಡಿ. ಕೂದಲೆಳೆಯಂಥ ಕಪ್ಪು ಗೆರೆಗಳು ಒಂದು ಲೋಹದ ಗುಂಡಿಯಿಂದ ಇನ್ನೊಂದಕ್ಕೆ ಹರಿದಿದ್ದರೆ ಕ್ಯಾಪ್ ಮುಗಿಯಿತು. ಗೆರೆ ಕೆರೆದು ತೆಗೆದರೆ ಒಂದು ವಾರ ಬರಬಹುದು, ಅಷ್ಟೇ. ನಡುವಿನ ಸಣ್ಣ ಕಾರ್ಬನ್ ಕಡ್ಡಿ ಸ್ಪ್ರಿಂಗಿನ ಮೇಲೆ ಪುಟಿಯಬೇಕು. ಮಳೆಗಾಲದಲ್ಲಿ ಒಳಗೆ ತೇವ ಇದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ಅದು ಬರೀ ತೇವ, ಪಾರ್ಟ್ ಹೋಗಿಲ್ಲ.

ಈಗ ಪಾಯಿಂಟ್. ಮೊದಮೊದಲ ಗಾಡಿಗಳಲ್ಲಿ ಪಾಯಿಂಟ್ ಇರುತ್ತದೆ, ನಂತರದವುಗಳಲ್ಲಿ ಎಲೆಕ್ಟ್ರಾನಿಕ್. ಕ್ಯಾಪ್ ಮತ್ತು ರೋಟರ್ ತೆಗೆದರೆ ನಿಮ್ಮದು ಯಾವುದು ಅಂತ ಕಾಣುತ್ತದೆ. ಪಾಯಿಂಟ್ ಇದ್ದರೆ ಮಿಸ್ಸಿಂಗ್ ಹುಡುಕಾಟದ ಅರ್ಧ ಇಲ್ಲೇ ಮುಗಿಯುವ ಸಾಧ್ಯತೆ ಇದೆ.

ಇಗ್ನಿಷನ್ ಆಫ್ ಇರಲಿ, ಪ್ಲಗ್ ಹೊರಗಿರಲಿ. ಸಮತಟ್ಟಾದ ಜಾಗದಲ್ಲಿ ಟಾಪ್ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು ಗಾಡಿಯನ್ನು ಮೆಲ್ಲಗೆ ತಳ್ಳಿದರೆ ಇಂಜಿನ್ ತಿರುಗುತ್ತದೆ. ಡಿಸ್ಟ್ರಿಬ್ಯೂಟರಿನ ನಡುವಿನ ಕ್ಯಾಮ್‌ಗೆ ಮೂರು ಮೂಲೆ. ಪಾಯಿಂಟಿನ ಹಿಮ್ಮಡಿ ಒಂದು ಮೂಲೆಯ ತುದಿಗೆ ಬಂದಾಗ ಸಂದಿ ಅತಿ ಹೆಚ್ಚು. ಆಗ ನಿಲ್ಲಿಸಿ ಅಳೆಯಿರಿ, 0.4ರಿಂದ 0.5 ಮಿ.ಮೀ. ಇರಬೇಕು. ಮೂರು ಮೂಲೆಯಲ್ಲೂ ಅಳೆಯಿರಿ. ಒಂದೊಂದು ಕಡೆ ಒಂದೊಂದು ಬಂದರೆ ಡಿಸ್ಟ್ರಿಬ್ಯೂಟರ್ ಶಾಫ್ಟ್ ಬುಷ್ ಸವೆದಿದೆ. ಶಾಫ್ಟನ್ನು ಬೆರಳಲ್ಲಿ ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಎಷ್ಟು ಸಲ ಪಾಯಿಂಟ್ ಹೊಂದಿಸಿದರೂ ನಿಲ್ಲುವುದಿಲ್ಲ.

ಪಾಯಿಂಟಿನ ಮುಖದಲ್ಲಿ ಒಂದು ಕಡೆ ಗುಂಡಿ, ಎದುರಿನಲ್ಲಿ ಗುಡ್ಡ ಆಗಿದ್ದರೆ ಕಂಡೆನ್ಸರ್ ಬಗ್ಗೆ ಅನುಮಾನಪಡಿ. ಸ್ಯಾಂಡ್ ಪೇಪರಿನಲ್ಲಿ ಉಜ್ಜಿದರೆ ಊರು ತಲುಪಬಹುದು, ಆಮೇಲೆ ಎರಡನ್ನೂ ಬದಲಿಸಿ. ಉಜ್ಜಿದ ಪುಡಿಯನ್ನು ಚೆನ್ನಾಗಿ ಒರೆಸಿ. ಹೊಸ ಪಾಯಿಂಟಿನ ಹಿಮ್ಮಡಿ ಉಜ್ಜುವ ಜಾಗಕ್ಕೆ ಅಕ್ಕಿಕಾಳಿನಷ್ಟು ಗ್ರೀಸ್ ಹಚ್ಚಿ. ಜಾಸ್ತಿ ಹಚ್ಚಿದರೆ ಅದೇ ಹಾರಿ ಪಾಯಿಂಟಿಗೆ ಬಿದ್ದು ಹೊಸ ಮಿಸ್ಸಿಂಗ್ ತರುತ್ತದೆ. ಸಂದಿ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ. ಸಂದಿ ಹೆಚ್ಚಾದಷ್ಟೂ ಸ್ಪಾರ್ಕ್ ಮುಂಚೆ ಬರುತ್ತದೆ. ಹಾಗಾಗಿ ಪಾಯಿಂಟ್ ಮುಟ್ಟಿದ ಮೇಲೆ ಟೈಮಿಂಗ್ ಲೈಟ್ ಹಿಡಿದು ನೋಡಲೇಬೇಕು.

ಕೊನೆಗೆ ಕಾಯಿಲ್. ನಡುವಿನ ವೈರನ್ನು ಆ ಪರೀಕ್ಷಾ ಪ್ಲಗ್ಗಿಗೆ ಹಾಕಿ, ಪ್ಲಗ್ಗನ್ನು ಇಂಜಿನ್‌ಗೆ ತಾಗಿಸಿ ಸ್ಟಾರ್ಟರ್ ತಿರುಗಿಸಿ. ಕಿಡಿ ನೀಲಿಯಾಗಿ, ದಪ್ಪವಾಗಿ, ಚಟ್ ಅಂತ ಸದ್ದು ಮಾಡಬೇಕು. ಹಳದಿಯಾಗಿ ಸಪ್ಪಗೆ ಇದ್ದರೆ ಕಾಯಿಲ್ ಅಥವಾ ಕಂಡೆನ್ಸರ್ ದುರ್ಬಲ. ಈ ಪರೀಕ್ಷೆ ಮಾಡುವ ಮುಂಚೆ ಸಿಲಿಂಡರಿಗೆ ಪ್ಲಗ್‌ಗಳನ್ನು ವಾಪಸ್ ಹಾಕಿ ಬಿಗಿದಿರಿ. ಬರಿ ತೂತಿನಿಂದ ಹೊರಬರುವ ಪೆಟ್ರೋಲ್ ಆವಿಗೆ ಕಿಡಿ ತಾಗಿದರೆ ಬೆಂಕಿ. ಬಿಸಿಯಾದಾಗ ಮಾತ್ರ ತೊಂದರೆ ಕೊಡುವ ಕಾಯಿಲ್ ತಣ್ಣಗಿದ್ದಾಗ ಮೀಟರಿನಲ್ಲಿ ಸಾಧುವಿನಂತೆ ಸರಿಯಾದ ಸಂಖ್ಯೆ ತೋರಿಸುತ್ತದೆ. ತೊಂದರೆ ಬಂದ ಕ್ಷಣದಲ್ಲೇ ರಸ್ತೆ ಬದಿ ನಿಲ್ಲಿಸಿ ಪರೀಕ್ಷಿಸಬೇಕು. ಬದಲಿಗೆ ಹಾಕುವಾಗ ನಿಮ್ಮ ಗಾಡಿಗೆ ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್ಲಿಗೆ ಹೋಗುವ ಕರೆಂಟ್ ತಗ್ಗಿಸುವ ತುಂಡು) ಇದೆಯೋ ಇಲ್ಲವೋ ನೋಡಿ. ಅದು ಬೇಕಾದ ಕಾಯಿಲ್ಲನ್ನು ಅದಿಲ್ಲದೆ ಹಾಕಿದರೆ ಪಾಯಿಂಟ್ ಬೇಗ ಸುಡುತ್ತದೆ.

ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ, ಕಾಯಿಲ್ ತುದಿಯ ಸಣ್ಣ ಕನೆಕ್ಟರ್ ಇವನ್ನೂ ಕೈಯಿಂದ ಅಲ್ಲಾಡಿಸಿ ನೋಡಿ. ಮೂವತ್ತು ವರ್ಷದ ಗಾಡಿಯಲ್ಲಿ ಹಸಿರು ಕಿಲುಬು ಹಿಡಿದ ಟರ್ಮಿನಲ್ ಇಲ್ಲದಿದ್ದರೇ ಆಶ್ಚರ್ಯ.

ಗಾಳಿ ಮತ್ತು ಪೆಟ್ರೋಲ್

ಗಾಳಿ ಸೋರಿಕೆಗೆ ಮೊದಲು ಕಿವಿ. ಅರ್ಧ ಮೀಟರ್ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಕಾರ್ಬ್ಯುರೇಟರ್ ಬುಡ, ಮ್ಯಾನಿಫೋಲ್ಡ್ ಅಂಚು, ಪ್ರತಿ ವ್ಯಾಕ್ಯೂಮ್ ಪೈಪಿನ ಬಳಿ ಆಡಿಸಿ. ಸೋರುವ ಕಡೆ ಸುಯ್ ಸದ್ದು ಸ್ಪಷ್ಟ. ಒಂದೊಂದೇ ವ್ಯಾಕ್ಯೂಮ್ ಪೈಪನ್ನು ಇಕ್ಕಳದಲ್ಲಿ ಅದುಮಿ. ಐಡಲ್ ಸರಿಹೋದರೆ ಅದೇ ದಾರಿ. ಬ್ರೇಕ್ ಬೂಸ್ಟರ್ ಇರುವ ಮಾಡೆಲ್ಲಿನಲ್ಲಿ ಅದರ ದಪ್ಪ ಪೈಪನ್ನು ಮರೆಯಬೇಡಿ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಹುಡುಕುವ ಪದ್ಧತಿ ಇದೆ. ಬಿಸಿ ಎಕ್ಸಾಸ್ಟ್ ಹತ್ತಿರ ಅದಕ್ಕೆ ಬೆಂಕಿ ಹತ್ತುವುದರಿಂದ ನಾನು ಸಲಹೆ ಕೊಡುವುದಿಲ್ಲ, ನೀರಿನ ಸ್ಪ್ರೇಯಲ್ಲೇ ಬಹಳಷ್ಟು ಗೊತ್ತಾಗುತ್ತದೆ.

ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಅಡ್ವಾನ್ಸ್ (ಇಂಜಿನ್ನಿನ ಎಳೆತಕ್ಕೆ ತಕ್ಕಂತೆ ಸ್ಪಾರ್ಕನ್ನು ಮುಂಚೆ ತರುವ ಸಾಧನ) ಪೈಪನ್ನು ಕಾರ್ಬ್ಯುರೇಟರ್ ಕಡೆಯಿಂದ ಕಿತ್ತು ಅದರ ತುದಿಯನ್ನು ಬಾಯಲ್ಲಿ ಎಳೆದು ನಾಲಿಗೆ ಒತ್ತಿ ಹಿಡಿಯಿರಿ. ಹಿಡಿತ ನಿಲ್ಲಬೇಕು. ಗಾಳಿ ಸುಮ್ಮನೆ ಬರುತ್ತಿದ್ದರೆ ಒಳಗಿನ ಪೊರೆ ಹರಿದಿದೆ.

ಪೆಟ್ರೋಲ್ ಕಡೆಗೆ ಬಂದರೆ, ಪಾರದರ್ಶಕ ಬಾಟಲಿಗೆ ಸ್ವಲ್ಪ ಪೆಟ್ರೋಲ್ ಹಿಡಿದು, ಬೆಂಕಿಯಿಂದ ದೂರ, ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ಕೆಳಗೆ ಬೇರೆ ಪದರ ಕಂಡರೆ ನೀರು ಸೇರಿದೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲಿನಷ್ಟು ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಹೀರುತ್ತದೆ, ಹೀರಿದ್ದು ಮಿತಿ ಮೀರಿದರೆ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ತಿಂಗಳಿಗೊಮ್ಮೆ ಹೊರಗೆ ಬರುವ ಗಾಡಿಯ ಟ್ಯಾಂಕಿನಲ್ಲಿ ಇದು ಆಗುವ ಸಾಧ್ಯತೆ ಜಾಸ್ತಿ.

ಎಥನಾಲ್ ತರುವ ಇನ್ನೊಂದು ಬದಲಾವಣೆ ಕಡಿಮೆ ಜನ ಗಮನಿಸುತ್ತಾರೆ. ಅದರಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ ಇಟ್ಟುಕೊಂಡ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ. ಕಂಪ್ಯೂಟರ್ ಇರುವ ಗಾಡಿ ತಾನೇ ಸರಿಮಾಡಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ. ಮೊದಲೇ ಅಂಚಿನಲ್ಲಿ ಹೊಂದಿಸಿದ್ದ ಗಾಡಿ ಈಗ ತಣ್ಣಗಿದ್ದಾಗ ಮುಗ್ಗರಿಸಬಹುದು. ಐಡಲ್ ಮಿಶ್ರಣದ ಸ್ಕ್ರೂವನ್ನು ಸ್ವಲ್ಪ ತಿರುಗಿಸಿ ಹೊಂದಿಸಿದರೆ ಎಷ್ಟೋ ಸಲ ಸಾಕು. ಎಷ್ಟು ಸುತ್ತು ತಿರುಗಿಸಿದಿರಿ ಅಂತ ಬರೆದಿಟ್ಟುಕೊಳ್ಳಿ. ಹಳೇ ರಬ್ಬರ್ ಪೈಪ್, ಪಂಪಿನ ಡಯಾಫ್ರಂ ಎಥನಾಲಿಗೆ ಮೆತ್ತಗಾಗಿ ಬಿರಿಯುತ್ತವೆ. ಪೆಟ್ರೋಲ್ ವಾಸನೆ ಬಂದರೆ ಮಿಸ್ಸಿಂಗ್ ಆಮೇಲೆ, ಮೊದಲು ಪೈಪ್ ಬದಲಿಸಿ.

ಪೆಟ್ರೋಲ್ ಫಿಲ್ಟರ್ ಅಗ್ಗದ್ದು, ಅದನ್ನು ಅನುಮಾನ ಬಂದರೆ ಬದಲಿಸಿಬಿಡಿ. ಪರೀಕ್ಷೆ ಮಾಡದೆ ಬದಲಿಸಲು ನಾನು ಒಪ್ಪುವ ಒಂದೇ ಪಾರ್ಟ್ ಅದು. ಐಡಲ್ ಒಂದೇ ನಿಲ್ಲುತ್ತಿಲ್ಲ ಅಂದರೆ, ಕಾರ್ಬ್ಯುರೇಟರಿಗೆ ವೈರ್ ಹೋಗುವ ಸಣ್ಣ ಸೊಲೆನಾಯ್ಡ್ (ಕರೆಂಟಿನಿಂದ ತೆರೆಯುವ ಪುಟ್ಟ ವಾಲ್ವ್) ಇದೆಯೇ ನೋಡಿ. ಕೀ ಆನ್ ಮಾಡಿದಾಗ ಟಿಕ್ ಅನ್ನಬೇಕು. ಅನ್ನದಿದ್ದರೆ ಐಡಲ್ ದಾರಿ ಮುಚ್ಚಿಯೇ ಇದೆ. ಇಷ್ಟಕ್ಕೇ ಕಾರ್ಬ್ಯುರೇಟರ್ ಓವರ್‌ಹಾಲ್ ಮಾಡಿಸಿದವರನ್ನು ನೋಡಿದ್ದೇನೆ.

ಎಮಿಷನ್ ಟೆಸ್ಟ್ ಚೀಟಿ ಎಸೆಯಬೇಡಿ

ಹೊಗೆ ತಪಾಸಣೆ ಕೇಂದ್ರದ ಯಂತ್ರ ಎರಡು ಸಂಖ್ಯೆ ಕೊಡುತ್ತದೆ: ಸಿಓ ಮತ್ತು ಎಚ್‌ಸಿ. ಸರ್ಟಿಫಿಕೇಟಿಗಾಗಿ ಹೋಗುವ ನಾವು ಅವನ್ನು ಓದುವುದೇ ಇಲ್ಲ. ಎಚ್‌ಸಿ ಅಂದರೆ ಉರಿಯದೆ ಹೊರಬಂದ ಪೆಟ್ರೋಲ್. ಸಿಓ ಅಂದರೆ ಅರೆಬರೆ ಉರಿದದ್ದು. ಎಚ್‌ಸಿ ತುಂಬಾ ಏರಿ ಸಿಓ ಮಾಮೂಲಿಯಾಗಿದ್ದರೆ ಸ್ಪಾರ್ಕ್ ಇಲ್ಲ ಅಥವಾ ಮಿಶ್ರಣ ತೀರಾ ತೆಳು. ಎರಡೂ ಏರಿದ್ದರೆ ಪೆಟ್ರೋಲ್ ಜಾಸ್ತಿ. ಹಳೇ ಚೀಟಿಗಳನ್ನು ತೆಗೆದು ಸಾಲಾಗಿ ನೋಡಿ, ಎಚ್‌ಸಿ ಯಾವ ತಪಾಸಣೆಯಿಂದ ಏರಲು ಶುರುವಾಯಿತು ಅಂತ ಗೊತ್ತಾಗುತ್ತದೆ. ಇಷ್ಟು ಕಡಿಮೆ ದುಡ್ಡಿಗೆ ಸಿಗುವ ಇಂಜಿನ್ ಪರೀಕ್ಷೆ ಬೇರೆ ಇಲ್ಲ. ಯಂತ್ರದ ಕಡ್ಡಿ ಸೈಲೆನ್ಸರಿಗೆ ಪೂರ್ತಿ ಒಳಗೆ ಹಾಕಿದ್ದಾರೆಯೇ ಅಂತ ನಿಂತು ನೋಡಿ ಅಷ್ಟೇ.

ಸರಿಯಾಯಿತು ಅನ್ನುವ ಮುಂಚೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ಲಗ್, ವೈರ್, ಪಾಯಿಂಟ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಹೋಗಿತ್ತು ಅಂತ ಎಂದಿಗೂ ತಿಳಿಯುವುದಿಲ್ಲ. ತೊಂದರೆ ಮರಳಿ ಬಂದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು. ತೆಗೆದ ಹಳೇ ಪಾರ್ಟ್ ಚೆನ್ನಾಗಿದ್ದರೆ ಡಿಕ್ಕಿಯಲ್ಲಿಡಿ, ದಾರಿಯಲ್ಲಿ ಕೈಹಿಡಿಯುತ್ತದೆ.

ಪರೀಕ್ಷೆಯ ಓಡಾಟ ಮನೆ ಸುತ್ತ ಒಂದು ರೌಂಡ್ ಹೊಡೆದರೆ ಆಗುವುದಿಲ್ಲ. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ ನೋಡಿ. ಇಂಜಿನ್ ಬಿಸಿಯಾದ ಮೇಲೆ ಹೆಡ್‌ಲೈಟ್ ಹಾಕಿ ಐಡಲ್ ಕೇಳಿ. ಒಂದು ಏರಿನಲ್ಲಿ ಮೂರನೇ ಗೇರಿನಲ್ಲಿ ನಿಧಾನಕ್ಕೆ ಬಂದು ಆಕ್ಸಿಲರೇಟರ್ ಪೂರ್ತಿ ಒತ್ತಿ. ದುರ್ಬಲ ಸ್ಪಾರ್ಕ್ ಇನ್ನೂ ಉಳಿದಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಮೊದಲಿನ ಚೀಟಿಯಲ್ಲಿ ಏನು ಬರೆದಿದ್ದಿರೋ ಅದೇ ಸಂದರ್ಭದಲ್ಲಿ ಮತ್ತೆ ಓಡಿಸಿ. ಮಳೆಯಲ್ಲಿ ಮಾತ್ರ ಬರುತ್ತಿದ್ದ ತೊಂದರೆಯನ್ನು ಬಿಸಿಲಲ್ಲಿ ಓಡಿಸಿ ಸರಿಯಾಯಿತು ಅನ್ನಲಾಗದು, ಆಗ ನೀರಿನ ಸ್ಪ್ರೇ ಬಾಟಲಿಯೇ ಗತಿ. ಇನ್ನೂರು ಕಿಲೋಮೀಟರ್ ಆದಮೇಲೆ ಮೂರೂ ಪ್ಲಗ್ ಬಿಚ್ಚಿ ಮತ್ತೆ ಸಾಲಾಗಿ ಇಡಿ. ಮೂರೂ ಒಂದೇ ಬಣ್ಣ ಇದ್ದರೆ ಬಿಗಿದು ಹಾಕಿ, ಬಾನೆಟ್ ಮುಚ್ಚಿ.